ಉಣ್ಣುವವರ ಇಷ್ಟವನ್ನು ಅಳೆಯುವ ಬಗೆ: ಸಕಲೇಶಪುರ–ಆಲೂರು ಮಲೆಸೀಮೆಯನ್ನು ಕುರಿತ ಒಂದು ವಿಚಾರ

೧. ಪೀಠಿಕೆ

ಒಂದು ಸೀಮೆಯ ಜನರು ಏನನ್ನು ಉಣ್ಣುತ್ತಾರೆಂಬುದನ್ನು ತಿಳಿಯುವುದು ಅಷ್ಟು ಕಷ್ಟವಲ್ಲ. ಏನನ್ನು ಉಣ್ಣಲು ಬಯಸುತ್ತಾರೆಂಬುದನ್ನು ತಿಳಿಯುವುದು ಬೇರೆಯ ಮಾತು. ಮೊದಲನೆಯದಕ್ಕೆ ಗದ್ದೆಯನ್ನೂ ಸಂತೆಯನ್ನೂ ಅಡುಗೆಮನೆಯನ್ನೂ ಕಣ್ಣಿಟ್ಟು ನೋಡಿದರೆ ಸಾಕು. ಎರಡನೆಯದಕ್ಕೆ ಉಣ್ಣುವವನ ಮುಂದೆ ಒಂದಕ್ಕಿಂತ ಹೆಚ್ಚಿನ ಅನ್ನವನ್ನಿಟ್ಟು, ಅವನು ಯಾವುದಕ್ಕೆ ಕೈಯಿಡುತ್ತಾನೆ, ಯಾವುದನ್ನು ಯಾವುದಕ್ಕಾಗಿ ಬಿಟ್ಟುಕೊಡುತ್ತಾನೆ ಎಂಬುದನ್ನು ನೋಡಬೇಕಾಗುತ್ತದೆ. ಈ ಎರಡು ವಿಚಾರಗಳನ್ನು ಬೇರೆಬೇರೆಯಾಗಿ ಕಾಣುವುದಕ್ಕೆ ಅರ್ಥಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಆಯ್ಕೆಯ ಪ್ರಯೋಗವೆಂದು ಈಗ ಪ್ರಸಿದ್ಧವಾಗಿರುವ ಸಮೀಕ್ಷೆಯ ಕ್ರಮವು ಈ ಬೇರ್ಪಡಿಕೆಯ ಫಲ.

ಹಾಸನ ಜಿಲ್ಲೆಯ ಪಶ್ಚಿಮದಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಕ್ರಮದ ಚರಿತ್ರೆಯನ್ನೂ ಅದರ ಬಲಾಬಲಗಳನ್ನೂ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಂತೆಲ್ಲ ಮಳೆ ತಗ್ಗುತ್ತದೆ. ಅದರೊಡನೆ ಊಟವೂ ಬದಲಾಗುತ್ತದೆ. ಪಶ್ಚಿಮದಲ್ಲಿ ಕಡುಬು, ಅಕ್ಕಿರೊಟ್ಟಿ, ಅನ್ನ. ಆಲೂರಿನ ಪೂರ್ವದ ಹಳ್ಳಿಗಳನ್ನು ದಾಟುವ ಹೊತ್ತಿಗೆ ರಾಗಿಮುದ್ದೆ. ಕೆಲವೇ ಹರದಾರಿಗಳ ಅಂತರದಲ್ಲಿ ಎರಡು ಅನ್ನಸಂಪ್ರದಾಯಗಳು ಸಂಧಿಸುವ ಇಂಥ ನೆಲದಲ್ಲಿ, ಊಟವು ಇಷ್ಟದಿಂದ ಬಂದುದೋ ನೆಲದ ಕಟ್ಟಿನಿಂದ ಬಂದುದೋ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

೨. ಕಂಡದ್ದನ್ನು ಬರೆದ ಕಾಲ

ಹಿಂದೆ ಬಲಂ ಎಂದು ಹೆಸರಾಗಿದ್ದ ಈ ಭಾಗಕ್ಕೆ ಮಂಜರಾಬಾದು ಎಂಬ ಹೆಸರು ಬಂದುದು ಟಿಪ್ಪುವಿನ ಕಾಲದಲ್ಲಿ. ಸಕಲೇಶಪುರದ ಸಮೀಪದಲ್ಲಿ ಆತನು ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಯೂರೋಪಿಯನ್ ತೋಟಗಾರರು ಇಲ್ಲಿ ನೆಲೆಸಿ ಕಾಫಿಯನ್ನು ಬೆಳೆಸಿದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ ೧೮೭೧ ಮತ್ತು ೧೮೯೪ರಲ್ಲಿ ಪ್ರಕಟಿಸಿದ ಗ್ರಂಥಗಳೂ, ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರೂ ಈ ಸೀಮೆಯನ್ನು ಕುರಿತು ನಮಗೆ ದೊರೆಯುವ ಮುಖ್ಯ ಬರಹಗಳ ಸಾಲಿಗೆ ಸೇರುತ್ತವೆ.

ಈ ಬಗೆಯ ಬರಹಗಳ ಬೆಲೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಊಟದ ವಿಷಯದಲ್ಲಿ ಅವುಗಳ ರೀತಿಯೊಂದೇ: ಮಲೆನಾಡಿನವರು ಅಕ್ಕಿ ಉಣ್ಣುವವರು, ಬಯಲುಸೀಮೆಯವರು ರಾಗಿ ಉಣ್ಣುವವರು ಎಂದು ಜನರನ್ನು ಧಾನ್ಯದ ಮೇಲೆ ವಿಂಗಡಿಸುವುದು. ಇದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಮಾತ್ರ ನಿಜವಿದೆ. ಕಣಿವೆಯ ತಳದಲ್ಲಿ ನೀರು ನಿಲ್ಲುವ ಗದ್ದೆಯಿದ್ದಲ್ಲಿ ಭತ್ತವನ್ನಲ್ಲದೆ ಬೇರೆಯದನ್ನು ಬೆಳೆಯುವುದು ದುಸ್ತರ. ದಾರಿಯೂ ಬಂಡಿಯೂ ವಿರಳವಾಗಿದ್ದ ಕಾಲದಲ್ಲಿ ಬೆಳೆದುದನ್ನಲ್ಲದೆ ಬೇರೆಯದನ್ನು ಉಣ್ಣುವುದೂ ದುಸ್ತರ. ಹೀಗಿರುವಲ್ಲಿ ಮಲೆನಾಡಿನವನ ತಟ್ಟೆಯ ಅನ್ನವು ಅವನ ರುಚಿಯ ಸಾಕ್ಷಿಯೋ ಅವನ ಗದ್ದೆಯ ಸಾಕ್ಷಿಯೋ ಎಂಬುದನ್ನು ಗೆಜೆಟಿಯರಿನಿಂದ ನಿರ್ಣಯಿಸಲಾಗದು. ಕಂಡದ್ದನ್ನು ಬರೆದವರು ಕಟ್ಟನ್ನು ಇಷ್ಟವೆಂದು ಓದಿಬಿಡುವ ಅಪಾಯ ಇಲ್ಲಿದೆ.

೩. ಪಡಿತರವೂ ಕಾಫಿಯೂ

ಈ ಅಪಾಯವು ಪುಸ್ತಕದಿಂದ ಆಡಳಿತಕ್ಕೆ ಇಳಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ೧೯೪೨ರಲ್ಲಿ ರಂಗೂನು ಜಪಾನೀಯರ ವಶವಾದ ಮೇಲೆ ಬರ್ಮಾದ ಅಕ್ಕಿ ನಿಂತುಹೋಯಿತು. ೧೯೪೩ರಲ್ಲಿ ಬಂಗಾಳದ ಕ್ಷಾಮ ಒದಗಿತು. ದೇಶದ ಅನೇಕ ಭಾಗಗಳಲ್ಲಿ ಧಾನ್ಯದ ವಸೂಲಿಯೂ ಪಡಿತರವೂ ಆರಂಭವಾದುವು. ಅಕ್ಕಿ ಉಣ್ಣುವವರಿಗೆ ಗೋಧಿಯನ್ನೂ ಕಿರುಧಾನ್ಯವನ್ನೂ ಒಪ್ಪಿಸುವುದು ಹೇಗೆಂಬುದು ಆಗ ಆಡಳಿತಗಾರರನ್ನು ಕಾಡಿದ ಪ್ರಶ್ನೆ. ಜನರ ಇಷ್ಟವೆಂಬುದು ಆಡಳಿತದ ಕಣ್ಣಿಗೆ ಮೊದಲು ಬಿದ್ದುದು ಒಂದು ಅಡ್ಡಿಯಾಗಿ ಎಂಬುದನ್ನು ಇಲ್ಲಿ ಗಮನಿಸಬೇಕು.

ಅದೇ ಯುದ್ಧವು ಈ ಸೀಮೆಯ ಮತ್ತೊಂದು ಬೆಳೆಯ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಕಾರ್ಯವನ್ನು ಮಾಡಿತು. ಹೊರದೇಶದ ಪೇಟೆಗಳು ಮುಚ್ಚಿದುದರಿಂದ ಕಾಫಿಯನ್ನು ದೇಶದಲ್ಲಿಯೇ ಕುಡಿಸಬೇಕಾಯಿತು. ೧೯೩೫ರ ಶಾಸನದಿಂದ ಹುಟ್ಟಿದ ಕಾಫಿ ಸೆಸ್ ಸಮಿತಿ ೧೯೩೬ರಲ್ಲಿ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸನ್ನು ತೆರೆದಿತ್ತು. ೧೯೪೨ರ ಶಾಸನದಿಂದ ಕಾಫಿ ಮಂಡಳಿಯು ಬೆಳೆಗಾರರ ಕಾಫಿಯನ್ನು ಒಂದುಗೂಡಿಸಿ ಮಾರುವ ಅಧಿಕಾರವನ್ನು ಪಡೆಯಿತು. ಈ ಒಕ್ಕೂಟಮಾರಾಟವು ೧೯೯೦ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು ೧೯೯೬ರಲ್ಲಿ ಕೊನೆಗೊಂಡಿತು. ಇಷ್ಟವೆಂಬುದು ಸ್ಥಿರವಾದ ವಸ್ತುವಲ್ಲ, ಬೆಳೆಸಿದರೆ ಬೆಳೆಯುವಂಥದು ಎಂಬುದಕ್ಕೆ ಕಾಫಿಯ ಚರಿತ್ರೆ ಉತ್ತಮ ನಿದರ್ಶನ. ಚಿಕೋರಿ ಬೆರೆತ ಪುಡಿಗೆ ನಾಲಗೆ ಒಗ್ಗಿದವನಿಗೆ ಶುದ್ಧ ಕಾಫಿ ಸಪ್ಪೆಯೆನಿಸುವುದುಂಟು. ಇಂದಿನ ಕಾನೂನು ಮಿಶ್ರಣದಲ್ಲಿ ಚಿಕೋರಿಯನ್ನು ನೂರಕ್ಕೆ ೪೯ರವರೆಗೆ ಒಪ್ಪುತ್ತದೆ. ಆದಕಾರಣ ಇಷ್ಟವನ್ನು ಅಳೆಯಹೊರಟವನು ಅದು ಯಾವ ಕಾಲದಲ್ಲಿ, ಯಾರ ಪ್ರಯತ್ನದಿಂದ ಈ ರೂಪಕ್ಕೆ ಬಂದಿತೆಂಬುದನ್ನೂ ಕೇಳಬೇಕು.

೪. ಲೆಕ್ಕದಿಂದ ಆಯ್ಕೆಗೆ

ಆದಾಯ ಹೆಚ್ಚಿದಂತೆ ಊಟಕ್ಕೆ ಹೋಗುವ ಪಾಲು ಕುಗ್ಗುತ್ತದೆಂದು ಜರ್ಮನಿಯ ಎಂಗೆಲ್ ೧೮೫೭ರಲ್ಲಿ ತೋರಿಸಿದಂದಿನಿಂದ ಕುಟುಂಬದ ಆಯವ್ಯಯದ ಲೆಕ್ಕವೇ ಈ ಶಾಸ್ತ್ರದ ಆಧಾರವಾಗಿತ್ತು. ನಮ್ಮ ದೇಶದಲ್ಲಿ ಮಹಲನೋಬಿಸ್ ಅವರ ಪ್ರೇರಣೆಯಿಂದ ೧೯೫೦ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಇದೇ ದಾರಿಯದು. ಇದರ ಫಲವನ್ನು ಕಡೆಗಣಿಸಲಾಗದು: ಗ್ರಾಮಾಂತರ ಕುಟುಂಬಗಳ ವೆಚ್ಚದಲ್ಲಿ ಆಹಾರದ ಪಾಲು ೨೦೧೧–೧೨ರಲ್ಲಿ ನೂರಕ್ಕೆ ಸುಮಾರು ೫೩ ಇದ್ದುದು ೨೦೨೨–೨೩ರಲ್ಲಿ ಸುಮಾರು ೪೬ಕ್ಕೆ ಇಳಿದುದು ಈ ಸಮೀಕ್ಷೆಯಿಂದಲೇ ತಿಳಿದುಬಂದ ಸಂಗತಿ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ೧೯೫೪ರಿಂದ ೧೯೫೬ರವರೆಗೆ ಮಂಡ್ಯದ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ಕಾರ್ಯ ಸ್ಮರಣೀಯ. ವಂಗಲ, ದಲೇನ ಎಂಬ ಕಲ್ಪಿತ ನಾಮಗಳಿಂದ ಆ ಹಳ್ಳಿಗಳನ್ನು ಕರೆದು, ನಾಲೆಯ ನೀರು ಬಂದ ಊರಿನಲ್ಲಿಯೂ ಬಾರದ ಊರಿನಲ್ಲಿಯೂ ಜೀವನ ಹೇಗೆ ಮಾರ್ಪಟ್ಟಿತೆಂಬುದನ್ನು ಕುಟುಂಬಗಳ ಲೆಕ್ಕದೊಡನೆ ಅವರು ೧೯೬೨ರಲ್ಲಿ ಪ್ರಕಟಿಸಿದರು. ಇದೇ ವಿದುಷಿ ಮುಂದೆ ೧೯೮೦ರ ದಶಕದಲ್ಲಿ, ಪೇಟೆಯ ಸಂಶೋಧನೆಯ ಕ್ರಮಗಳನ್ನು ಆಯಾ ಜನರ ಸಂಸ್ಕೃತಿಗೆ ಹೊಂದಿಸಿಕೊಳ್ಳುವುದು ಹೇಗೆಂಬುದರ ಮೇಲೆ ಕೈಪಿಡಿಯನ್ನು ಬರೆದರು. ಹಳ್ಳಿಯ ಲೆಕ್ಕದಿಂದ ಹೊರಟವರು ಹಳ್ಳಿಯವರ ಇಷ್ಟದ ಪ್ರಶ್ನೆಗೆ ಬಂದು ಮುಟ್ಟಿದುದು ಅರ್ಥವತ್ತಾಗಿದೆ.

ಆದರೆ ಖರ್ಚಿನ ಲೆಕ್ಕಕ್ಕೆ ಒಂದು ಮಿತಿಯಿದೆ. ಕೊಂಡದ್ದನ್ನು ಮಾತ್ರ ಅದು ಬಲ್ಲುದು. ಕೊಳ್ಳಬೇಕೆಂದಿದ್ದು ಅಂಗಡಿಯಲ್ಲಿ ಇಲ್ಲದುದನ್ನು ಅರಿಯದು. ಈ ಕೊರತೆಯನ್ನು ನೀಗಲು ಬಂದ ಯತ್ನಗಳಲ್ಲಿ ಮೊದಲನೆಯದು ಮನಶ್ಶಾಸ್ತ್ರಜ್ಞ ಥರ್ಸ್ಟನ್‌ನದು. ಎರಡು ವಸ್ತುಗಳನ್ನು ಜೋಡಿಯಾಗಿ ಹೋಲಿಸಿ ತೂಗುವ ನಿಯಮವನ್ನು ಆತನು ೧೯೨೭ರಲ್ಲಿ ಮುಂದಿಟ್ಟು, ೧೯೩೧ರಲ್ಲಿ ಹ್ಯಾಟು, ಬೂಟು, ಓವರ್‌ಕೋಟುಗಳ ಬೇರೆಬೇರೆ ಜೋಡಣೆಗಳನ್ನು ತೋರಿಸಿ ಯಾವುದು ಬೇಕೆಂದು ಕೇಳುವ ಪ್ರಯೋಗವನ್ನು ನಡೆಸಿದನು. ಬರಿಯ ಮಾತಿನ ಆಯ್ಕೆಗೆ ನಷ್ಟವೂ ಇಲ್ಲ ಲಾಭವೂ ಇಲ್ಲ, ಅದನ್ನು ನಂಬುವುದು ಹೇಗೆ ಎಂದು ವಾಲಿಸ್ ಮತ್ತು ಫ್ರೀಡ್ಮನ್ ೧೯೪೨ರಲ್ಲಿ ಆಕ್ಷೇಪಿಸಿದರು. ಈ ಆಕ್ಷೇಪ ಇಂದಿಗೂ ಹಳೆಯದಾಗಿಲ್ಲ.

೧೯೬೬ರಲ್ಲಿ ಲಂಕಾಸ್ಟರ್ ಎಂಬ ಅರ್ಥಶಾಸ್ತ್ರಜ್ಞನು ಒಂದು ಹೊಸ ದೃಷ್ಟಿಯನ್ನು ತಂದನು. ತುಷ್ಟಿಗುಣವಿರುವುದು ವಸ್ತುವಿನಲ್ಲಲ್ಲ, ವಸ್ತುವಿನ ಗುಣಗಳಲ್ಲಿ ಎಂಬುದೇ ಅದರ ಸಾರ. ಅಕ್ಕಿಯನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಅದರ ಅಗುಳಿನ ದಪ್ಪ, ಬಣ್ಣ, ವಾಸನೆ, ಬೇಯುವ ಕಾಲ, ಹೊಟ್ಟೆ ತಡೆಯುವ ಶಕ್ತಿಗಳನ್ನು. ಗುಣಗಳ ಮೇಲೆ ಆಯ್ಕೆ ಹೇಗೆ ನಿಂತಿರುತ್ತದೆಂಬುದನ್ನು ಸಂಭವನೀಯತೆಯ ಗಣಿತದಿಂದ ಲೆಕ್ಕಹಾಕುವ ಮಾರ್ಗವನ್ನು ಮ್ಯಾಕ್‌ಫ್ಯಾಡನ್ ೧೯೭೪ರಲ್ಲಿ ಪ್ರಕಟಿಸಿದನು. ಈ ಕಾರ್ಯಕ್ಕೆ ಆತನಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಲೂವಿಯರ್ ಮತ್ತು ವುಡ್‌ವರ್ತ್ ೧೯೮೩ರಲ್ಲಿ ಈ ಗಣಿತವನ್ನೂ ಪ್ರಯೋಗವಿನ್ಯಾಸವನ್ನೂ ಒಂದುಗೂಡಿಸಿದಾಗ ಆಯ್ಕೆಯ ಪ್ರಯೋಗವು ತನ್ನ ಇಂದಿನ ರೂಪವನ್ನು ಪಡೆಯಿತು.

ವಿದ್ಯಾರ್ಥಿಗಳ ಸೌಕರ್ಯಕ್ಕಾಗಿ ಈ ಕ್ರಮವನ್ನು ಸಂಕ್ಷೇಪವಾಗಿ ವಿವರಿಸಬಹುದು. ಅಕ್ಕಿಗೆ ನಾಲ್ಕು ಗುಣಗಳನ್ನು ಆರಿಸಿ, ಒಂದೊಂದಕ್ಕೆ ಮೂರು ಮಟ್ಟಗಳನ್ನು ಇಟ್ಟರೆ ೮೧ ಬಗೆಯ ಅಕ್ಕಿಗಳಾಗುತ್ತವೆ. ಅಷ್ಟನ್ನು ಯಾರ ಮುಂದೆಯೂ ಇಡಲಾಗದು. ಇವುಗಳಲ್ಲಿ ಒಂಬತ್ತನ್ನೇ ಜಾಣತನದಿಂದ ಆರಿಸಿದರೆ ಪ್ರತಿಯೊಂದು ಗುಣದ ಪ್ರತ್ಯೇಕ ಪ್ರಭಾವವನ್ನು ಅಳೆಯಬಹುದು. ಈ ಬಗೆಯ ಆರಿಕೆಗೆ ಆಧಾರವಾದ ಲಂಬ ವಿನ್ಯಾಸಗಳ ಗಣಿತವನ್ನು ೧೯೪೭ರಲ್ಲಿ ರೂಪಿಸಿದವರು, ೧೯೨೦ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಜನಿಸಿ ೨೦೨೩ರಲ್ಲಿ ದಿವಂಗತರಾದ ಸಿ. ಆರ್. ರಾವ್ ಅವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಬೇರೆಬೇರೆ ಗುಣದ ಎರಡು ಅಕ್ಕಿಗಳನ್ನೂ ‘ಎರಡೂ ಬೇಡ’ ಎಂಬ ಮೂರನೆಯ ದಾರಿಯನ್ನೂ ಒಂದು ಚೀಟಿಯಲ್ಲಿ ತೋರಿಸಿ ಒಂದನ್ನು ಆರಿಸೆಂದು ಕೇಳುವುದು. ಹೀಗೆ ಹಲವು ಚೀಟಿಗಳನ್ನು ಹಲವು ಜನರಿಗೆ ತೋರಿಸುವುದು. ಬೆಲೆಯೂ ಒಂದು ಗುಣವಾಗಿ ಸೇರಿರುವುದರಿಂದ ಇತರ ಗುಣಗಳ ಬೆಲೆಯನ್ನು ರೂಪಾಯಿಯಲ್ಲಿ ಹೇಳಬಹುದಾಗುತ್ತದೆ. ಉದಾಹರಣೆಗೆ, ಕಿಲೋ ಒಂದಕ್ಕೆ ಒಂದು ರೂಪಾಯಿ ಹೆಚ್ಚಿದಾಗ ತುಷ್ಟಿಗುಣವು ೦.೧ರಷ್ಟು ಇಳಿದು, ರೊಟ್ಟಿಗೆ ಒದಗುವ ಗುಣದಿಂದ ೦.೬ರಷ್ಟು ಏರುವುದೆಂದು ಕಲ್ಪಿಸೋಣ. ಆಗ ಆ ಗುಣಕ್ಕಾಗಿ ಜನರು ಕೊಡಲೊಪ್ಪುವ ಬೆಲೆ ಆರು ರೂಪಾಯಿ ಎಂದಾಗುತ್ತದೆ.

೫. ಅಕ್ಕಿಯೋ ಹಣವೋ

ಈ ಶಾಸ್ತ್ರವು ವಿದ್ವಾಂಸರ ವಿನೋದವಲ್ಲ ಎಂಬುದಕ್ಕೆ ನಮ್ಮ ರಾಜ್ಯದ ಇತ್ತೀಚಿನ ಚರಿತ್ರೆಯೇ ಸಾಕ್ಷಿ. ಬಡ ಕುಟುಂಬಗಳಿಗೆ ಕಿಲೋ ಒಂದಕ್ಕೆ ಒಂದು ರೂಪಾಯಿಯಂತೆ ಅಕ್ಕಿಯನ್ನು ಕೊಡುವ ಅನ್ನಭಾಗ್ಯ ಯೋಜನೆ ೨೦೧೩ರ ಜುಲೈಯಲ್ಲಿ ಆರಂಭವಾಯಿತು. ೨೦೨೩ರಲ್ಲಿ ತಲೆಗೆ ಐದು ಕಿಲೋ ಅಕ್ಕಿಯನ್ನು ಹೆಚ್ಚಾಗಿ ಕೊಡಲು ಸರ್ಕಾರ ಮುಂದಾದಾಗ ಅಕ್ಕಿ ಒದಗದೆ, ಕಿಲೋಗೆ ೩೪ ರೂಪಾಯಿಯ ಲೆಕ್ಕದಲ್ಲಿ ತಲೆಗೆ ೧೭೦ ರೂಪಾಯಿಯನ್ನು ಬ್ಯಾಂಕಿನ ಖಾತೆಗೆ ಹಾಕುವ ಕ್ರಮ ಬಂದಿತು. ೨೦೨೫ರ ಫೆಬ್ರುವರಿಯಲ್ಲಿ ಹಣದ ಬದಲು ಅಕ್ಕಿಯನ್ನೇ ಕೊಡುವ ನಿರ್ಧಾರವಾಯಿತು. ಇದನ್ನು ಆಯ್ಕೆಯ ಪ್ರಯೋಗವೆನ್ನಲಾಗದು. ಏಕೆಂದರೆ ಆಯ್ದವರು ಉಣ್ಣುವವರಲ್ಲ. ಆದರೂ ಅಕ್ಕಿ ಮತ್ತು ಹಣಗಳ ನಡುವಣ ವಿನಿಮಯದ ದರವೊಂದು ಕೋಟ್ಯಂತರ ಮನೆಮಂದಿಯ ಮುಂದೆ ಬಂದು ನಿಂತ ಸಂದರ್ಭ ಅದು.

ಇಂಥ ಪ್ರಶ್ನೆಯನ್ನು ಜನರನ್ನೇ ಕೇಳಿದ ನಿದರ್ಶನವೂ ಇದೆ. ೨೦೧೧ರಲ್ಲಿ ಜಾನ್ ಡ್ರೇಜ್, ರೀತಿಕಾ ಖೇರಾ ಮುಂತಾದವರ ಮುಂದಾಳುತನದಲ್ಲಿ ಒಂಬತ್ತು ರಾಜ್ಯಗಳ ಗ್ರಾಮಗಳಲ್ಲಿ ನಡೆದ ಪಡಿತರ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರು ಹಣಕ್ಕಿಂತ ಧಾನ್ಯವೇ ಲೇಸೆಂದರು. ಕರ್ನಾಟಕವು ಆ ಒಂಬತ್ತರಲ್ಲಿ ಸೇರಿರಲಿಲ್ಲ. ನ್ಯಾಯಬೆಲೆಯ ಅಂಗಡಿ ಸರಿಯಾಗಿ ನಡೆಯುವಲ್ಲಿ ಧಾನ್ಯದ ಕಡೆಗೂ, ಸೋರಿಕೆ ಹೆಚ್ಚಿದ್ದಲ್ಲಿ ಹಣದ ಕಡೆಗೂ ಒಲವು ಕಂಡಿತೆಂಬುದು ಅಲ್ಲಿಯ ಮುಖ್ಯ ತಿಳಿವು. ಅಂದರೆ ಜನರು ಆರಿಸಿದುದು ಬರಿಯ ಅಕ್ಕಿಯನ್ನಲ್ಲ. ಅಕ್ಕಿಯನ್ನು ತಲಪಿಸುವ ವ್ಯವಸ್ಥೆಯ ಮೇಲಿನ ನಂಬಿಕೆಯನ್ನು. ಪೋಷಕಾಂಶ ಬೆರೆಸಿದ ಅಕ್ಕಿಯ ವಿಷಯದಲ್ಲಿಯೂ ಇದೇ ಆಯಿತು. ನೂರು ಕಿಲೋಗೆ ಒಂದು ಕಿಲೋದಂತೆ ಬೆರೆಸಿದ, ಕಬ್ಬಿಣ ಮೊದಲಾದ ಸತ್ವಗಳುಳ್ಳ ಕಾಳುಗಳು ತುಸು ಬೇರೆಯಾಗಿ ಕಂಡುದರಿಂದ ‘ಪ್ಲಾಸ್ಟಿಕ್ ಅಕ್ಕಿ’ ಎಂಬ ವದಂತಿ ಹಲವೆಡೆ ಹಬ್ಬಿ, ಮನೆಗಳಲ್ಲಿ ಆ ಕಾಳುಗಳನ್ನು ಆರಿಸಿ ಚೆಲ್ಲುವುದೂ ನಡೆಯಿತು. ಕೊಟ್ಟವರು ಗುಣವೆಂದು ಬೆರೆಸಿದುದನ್ನು ಪಡೆದವರು ದೋಷವೆಂದು ಕಂಡರು. ಮೊದಲೇ ಕೇಳಿದ್ದರೆ ತಿಳಿಯುತ್ತಿದ್ದ ಸಂಗತಿ ಇದು.

೬. ಈ ಸೀಮೆಯಲ್ಲಿ ಕೇಳಬೇಕಾದ ಬಗೆ

ಸಕಲೇಶಪುರ–ಆಲೂರು ಭಾಗದಲ್ಲಿ ಇಂಥ ಪ್ರಯೋಗವನ್ನು ನಡೆಸುವುದಾದರೆ ಗಮನಿಸಬೇಕಾದ ಅಂಶಗಳು ನಾಲ್ಕು.

ಮೊದಲನೆಯದು, ಗುಣಗಳ ಆರಿಕೆ. ಪೇಟೆಯಲ್ಲಿ ಅಕ್ಕಿಯ ಗುಣವೆಂದರೆ ಸಣ್ಣದು, ಬಿಳಿಯದು, ಹಳೆಯದು. ಮಲೆಸೀಮೆಯ ಅಡುಗೆಮನೆಯಲ್ಲಿ ಪ್ರಶ್ನೆ ಬೇರೆ: ಅನ್ನಕ್ಕೋ, ಕಡುಬಿಗೋ, ರೊಟ್ಟಿಗೋ? ಬಿಡಿಬಿಡಿಯಾಗಿ ಅರಳುವ ಅಕ್ಕಿ ಅನ್ನಕ್ಕೆ ಮೆಚ್ಚು. ಅದೇ ಅಕ್ಕಿಯ ಹಿಟ್ಟು ಅಂಟಿಲ್ಲದೆ ರೊಟ್ಟಿ ತಟ್ಟುವಾಗ ಒಡೆಯುತ್ತದೆ. ಕಡುಬಿಗೆ ತರಿಯೇ ಬೇಕು. ಇಲ್ಲಿ ಇಷ್ಟವಿರುವುದು ಧಾನ್ಯದ ಮೇಲಲ್ಲ, ಧಾನ್ಯ ಮತ್ತು ಅಡುಗೆಗಳ ಕೂಟದ ಮೇಲೆ. ಹಿಂದೆ ಹೇಳಿದ ಒಂಬತ್ತು ಚೀಟಿಗಳ ವಿನ್ಯಾಸವು ಒಂದೊಂದು ಗುಣದ ಪ್ರತ್ಯೇಕ ಪ್ರಭಾವವನ್ನು ಮಾತ್ರ ಹಿಡಿಯಬಲ್ಲುದು. ಎರಡು ಗುಣಗಳು ಕೂಡಿ ಮಾಡುವ ಪ್ರಭಾವ ಅದರ ಜಾಲದಿಂದ ನುಸುಳಿಹೋಗುತ್ತದೆ. ಅಳತೆಯ ಸೌಕರ್ಯಕ್ಕಾಗಿ ಚೀಟಿಗಳನ್ನು ಕಡಿಮೆಮಾಡಿದವನು ಈ ಸೀಮೆಯ ಊಟದ ತಿರುಳನ್ನೇ ಬಿಟ್ಟಂತಾಗುತ್ತದೆ. ಆದುದರಿಂದ ಇಲ್ಲಿ ದೊಡ್ಡ ವಿನ್ಯಾಸವೇ ಬೇಕು. ಇಲ್ಲವೇ ಅನ್ನ, ಕಡುಬು, ರೊಟ್ಟಿಗಳಿಗೆ ಬೇರೆಬೇರೆಯಾಗಿ ಕೇಳಬೇಕು.

ಎರಡನೆಯದು, ಪರ್ಯಾಯಗಳ ಎಣಿಕೆ. ಮ್ಯಾಕ್‌ಫ್ಯಾಡನ್ನನ ಸರಳ ಸೂತ್ರವು ಪರ್ಯಾಯಗಳೆಲ್ಲವೂ ಒಂದಕ್ಕೊಂದು ಸಮಾನವಾಗಿ ಬೇರೆಯೆಂದು ಭಾವಿಸುತ್ತದೆ. ಆಲೂರಿನ ಒಂದು ಹಳ್ಳಿಯಲ್ಲಿ ಅರ್ಧ ಜನ ರಾಗಿಯನ್ನೂ ಅರ್ಧ ಜನ ಅಕ್ಕಿಯನ್ನೂ ಆರಿಸುವರೆನ್ನೋಣ. ಅದೇ ಅಕ್ಕಿಯನ್ನು ಬೇರೊಂದು ಬಣ್ಣದ ಚೀಲದಲ್ಲಿಟ್ಟು ಮೂರನೆಯ ಪರ್ಯಾಯವಾಗಿ ತೋರಿಸಿದರೆ, ಸೂತ್ರವು ಮೂರಕ್ಕೂ ಸಮಪಾಲನ್ನು ಹಂಚಿ ರಾಗಿಯವರನ್ನು ಮೂರನೆಯ ಒಂದು ಪಾಲಿಗೆ ಇಳಿಸಿಬಿಡುತ್ತದೆ. ಚೀಲದ ಬಣ್ಣಕ್ಕಾಗಿ ಮುದ್ದೆ ಬಿಡುವವರು ಯಾರೂ ಇಲ್ಲ. ಅಂಗಡಿಯ ತುಂಬ ಅಕ್ಕಿಯ ಹೆಸರುಗಳೇ ಹೆಚ್ಚಿರುವ ಈ ಕಾಲದಲ್ಲಿ, ಎಚ್ಚರವಿಲ್ಲದ ಲೆಕ್ಕವು ರಾಗಿಯ ಇಷ್ಟವನ್ನು ಕಾಗದದ ಮೇಲೆಯೇ ಅಳಿಸಿಬಿಡಬಲ್ಲುದು.

ಮೂರನೆಯದು, ಉತ್ತರ ಹೇಳುವವರು ಯಾರೆಂಬುದು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಶಾಸನವು ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿತಿಯನ್ನಾಗಿ ಮಾಡಿದೆ. ಸಮೀಕ್ಷಕನು ಬಂದಾಗ ಜಗಲಿಯಲ್ಲಿ ಕುಳಿತು ಉತ್ತರ ಹೇಳುವವನು ಬಹುಮಟ್ಟಿಗೆ ಗಂಡಸು. ಹಿಟ್ಟು ಕಲಸಿ ರೊಟ್ಟಿ ತಟ್ಟುವ ಕೈ ಒಳಗಿರುತ್ತದೆ. ಇದಲ್ಲದೆ ಕಾಫಿ ತೋಟಗಳ ಲೈನುಮನೆಗಳಲ್ಲಿ ಹೊರಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದ ಕೂಲಿಯವರು ವಾಸಮಾಡುತ್ತಾರೆ. ಸ್ಥಳೀಯ ಮತದಾರರ ಪಟ್ಟಿಯಿಂದ ಮಾದರಿಯನ್ನು ತೆಗೆದರೆ ಇವರಲ್ಲಿ ಅನೇಕರು ಬಿಟ್ಟುಹೋಗುತ್ತಾರೆ. ಅತ್ಯಂತ ಕಡಿಮೆ ಆಯ್ಕೆಯುಳ್ಳವರೇ ಆಯ್ಕೆಯ ಪ್ರಯೋಗದಿಂದ ಹೊರಗುಳಿಯುವುದು ವಿಪರ್ಯಾಸವೇ ಸರಿ.

ನಾಲ್ಕನೆಯದು, ಮಾತಿಗೂ ನಡೆಗೂ ಇರುವ ಅಂತರ. ಕೈಯಿಂದ ಕಾಸು ಬಿಚ್ಚಬೇಕಾಗಿಲ್ಲದಾಗ ಜನರು ಉದಾರಿಗಳಾಗುತ್ತಾರೆ. ಈ ಸ್ವಭಾವವನ್ನು ಮೊದಲೇ ತಿಳಿಸಿ, ನಿಜವಾಗಿ ಕೊಳ್ಳುವಾಗ ಹೇಗೋ ಹಾಗೆಯೇ ಆರಿಸಿ ಎಂದು ಕೇಳಿಕೊಂಡರೆ ಅಂತರ ಕುಗ್ಗುವುದೆಂದು ಕಮ್ಮಿಂಗ್ಸ್ ಮತ್ತು ಟೇಲರ್ ೧೯೯೯ರಲ್ಲಿ ತೋರಿಸಿದರು. ಇದಕ್ಕಿಂತ ನೇರವಾದ ಉಪಾಯವೆಂದರೆ, ತೋರಿಸಿದ ಚೀಟಿಗಳಲ್ಲೊಂದನ್ನು ಚೀಟಿಯೆತ್ತಿ ನಿಜಮಾಡುವುದು: ಆರಿಸಿದ ಅಕ್ಕಿಯನ್ನು ಹೇಳಿದ ಬೆಲೆಗೆ ಕೊಂಡೊಯ್ಯಬೇಕು. ವಾಲಿಸ್ ಮತ್ತು ಫ್ರೀಡ್ಮನ್ನರ ಆಕ್ಷೇಪಕ್ಕೆ ಇದು ತಕ್ಕ ಸಮಾಧಾನ.

೭. ಉಪಸಂಹಾರ

ಇಷ್ಟನ್ನೆಲ್ಲ ಅಳೆದು ಆಗಬೇಕಾದುದೇನು ಎಂದು ಕೇಳಬಹುದು. ಈ ಸೀಮೆಯ ಗದ್ದೆಗಳ ಸ್ಥಿತಿಯನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಭತ್ತದ ಕೆಲಸಕ್ಕೆ ಆಳು ಸಿಕ್ಕುವುದಿಲ್ಲ. ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಆನೆಗಳು ಬರುತ್ತವೆ. ಉಚ್ಚ ನ್ಯಾಯಾಲಯದ ಆದೇಶದಿಂದ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆಯು ೨೦೧೨ರ ವರದಿಯಲ್ಲಿ ಆಲೂರು–ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಶಿಫಾರಸುಮಾಡುವಷ್ಟು ಈ ಸಂಘರ್ಷ ತೀವ್ರವಾಗಿತ್ತು. ಅನಂತರವೂ ಅದು ಮುಗಿದಿಲ್ಲ. ಹೀಗಾಗಿ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ, ಕೆಲವು ತೋಟವಾಗಿವೆ. ಗದ್ದೆಯಿದ್ದವನೂ ಅಂಗಡಿಯ ಅಕ್ಕಿಯನ್ನೇ ಉಣ್ಣುತ್ತಾನೆ.

ನಾಳೆ ಒಬ್ಬ ಗೆಜೆಟಿಯರುಕಾರನು ಬಂದು, ಇಲ್ಲಿಯ ಜನ ತಮ್ಮ ಹಳೆಯ ಭತ್ತದ ತಳಿಗಳನ್ನು ತೊರೆದು ಪೇಟೆಯ ಅಕ್ಕಿಯನ್ನು ಮೆಚ್ಚಿದರು ಎಂದು ಬರೆದರೆ, ಎರಡನೆಯ ಸಲ ಕಟ್ಟನ್ನು ಇಷ್ಟವೆಂದು ಓದಿದಂತಾಗುತ್ತದೆ. ಅವರು ಮೆಚ್ಚಿದರೋ, ಬೇರೆ ದಾರಿಯಿಲ್ಲದೆ ಒಪ್ಪಿದರೋ? ಮೆಚ್ಚಿದ್ದರೆ ಹಳೆಯ ತಳಿಗಳನ್ನು ಉಳಿಸುವ ಮಾತು ವಸ್ತುಸಂಗ್ರಹಾಲಯದ ಮಾತಾಗುತ್ತದೆ. ಒಪ್ಪಿದ್ದರೆ, ಊರ ಅಕ್ಕಿಗೆ ಅವರು ಎಷ್ಟು ಹೆಚ್ಚಿನ ಬೆಲೆಯನ್ನು ಕೊಡಬಲ್ಲರು, ಆ ಬೆಲೆಯು ಗದ್ದೆ ಮಾಡುವವನ ನಷ್ಟವನ್ನು ತುಂಬುವುದೇ, ತುಂಬದಿದ್ದರೆ ಉಳಿದುದನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ಕ್ರಮವಾಗಿ ಏಳುತ್ತವೆ. ಇವು ಆಡಳಿತವು ಉತ್ತರಿಸಬೇಕಾದ ಪ್ರಶ್ನೆಗಳು. ಆದರೆ ಮೊದಲನೆಯದರ ಉತ್ತರವನ್ನು ಸಂಗ್ರಹಿಸಿಕೊಡುವುದು ವಿಶ್ವವಿದ್ಯಾನಿಲಯಗಳಿಗೂ ಕಾಲೇಜುಗಳಿಗೂ ಸಾಧ್ಯವಾದ ಕೆಲಸ. ಊರ ಅಕ್ಕಿಯ ರೊಟ್ಟಿಯನ್ನು ತಿಂದು ಬೆಳೆದ, ಎರಡು ಅಕ್ಕಿಗಳ ವ್ಯತ್ಯಾಸವನ್ನು ಬಾಯಿಂದಲೇ ಬಲ್ಲ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಹೋಲಿಸಲು ಎರಡನ್ನೂ ಅರಿತವರು ಇರುವತನಕ ಮಾತ್ರ ಆಯ್ಕೆಯ ಪ್ರಯೋಗಕ್ಕೆ ಅರ್ಥವುಂಟು. ಆದಕಾರಣ ಈ ಕಾರ್ಯವನ್ನು ಮುಂದೂಡದೆ ಕೈಕೊಳ್ಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.